ಸಂಕಟ ಉಂಟಾ ಅಂತ ಕೇಳಿದರು, ಹೊಟ್ಟೆ ಸರಿ ಇದೆ ಅಂದಳು: ಬಾಣಂತಿಯರ ಮನಸ್ಸಿಗೆ ನಮ್ಮ ಪಂಚಾಯತಿನಲ್ಲಿ ದುಡ್ಡು ಎಲ್ಲಿದೆ?

ಕುಂಬಳೆ ಹೊಳೆಬದಿ

ಇದು ನನ್ನ ತಂಗಿಯ ಕತೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಆಸ್ಪತ್ರೆ ಯಾವುದು, ಡಾಕ್ಟರು ಯಾರು ಅಂತ ಕೇಳಬೇಡಿ, ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವಳಿಗೆ ಎರಡನೇ ಹೆರಿಗೆ ಆಯಿತು. ಹದಿನೈದು ದಿನ ಕಳೆದದ್ದೇ ಮಾತು ಕಡಿಮೆಯಾಯಿತು. ಮಗು ಮಲಗಿದರೂ ಇವಳಿಗೆ ನಿದ್ದೆ ಇಲ್ಲ. ಕೈಜಾರಿ ಬಿದ್ದರೆ ಅಂತ ಮಗುವನ್ನು ಎತ್ತಲಿಕ್ಕೇ ಹೆದರುತ್ತಿದ್ದಳು. ಅಮ್ಮ ಹೇಳಿದ್ದು, "ಬಾಣಂತನದಲ್ಲಿ ಸ್ವಲ್ಪ ಹಾಗೆಯೇ, ಎಣ್ಣೆ ಹಚ್ಚಿ ಮೀಯಿಸಿದರೆ ಸರಿಯಾಗ್ತದೆ." ಎಣ್ಣೆ ಹಚ್ಚಿದೆವು, ಮೀಯಿಸಿದೆವು, ಕಷಾಯ ಕೊಟ್ಟೆವು, ದೃಷ್ಟಿ ತೆಗೆದೆವು, ನೂಲು ಕಟ್ಟಿಸಿದೆವು. ಅವಳು ಎಲ್ಲದಕ್ಕೂ ಸುಮ್ನೆ ಕೂತುಕೊಂಡಳು.

ಆರು ವಾರಕ್ಕೆ ಮಗುವಿನ ಚುಚ್ಚುಮದ್ದಿಗೆ ಹೋದೆವು. ಅಲ್ಲಿನ ಸಿಸ್ಟರ್ ಒಳ್ಳೆಯವರು. ನಮ್ಮ ಕೇರಳದ್ದೇ ತೆಂಕಿನ ಕಡೆಯವರು, ಕನ್ನಡ ಬಾರದು. ತಂಗಿಯ ಮುಖ ನೋಡಿ ಅವರಿಗೆ ಏನೋ ಅನಿಸಿತು. ಹತ್ತಿರ ಕರೆದು ಮೆಲ್ಲಗೆ "ಸಂಕಟಂ ಉಂಡೋ?" ಅಂತ ಕೇಳಿದರು. ಮಲಯಾಳದಲ್ಲಿ ಸಂಕಟ ಅಂದರೆ ದುಃಖ. ನಮಗೆ ಸಂಕಟ ಅಂದರೆ ಹೊಟ್ಟೆ ತೊಳಸುವುದು. ತಂಗಿ "ಇಲ್ಲ, ಈಗ ಹೊಟ್ಟೆ ಸರಿ ಇದೆ" ಅಂದಳು. ಸಿಸ್ಟರಿಗೆ "ಇಲ್ಲ" ಅನ್ನುವುದು ಅರ್ಥವಾಯಿತು. ಅಲ್ಲಿಗೆ ಮುಗಿಯಿತು.

ನಾನು ಪಕ್ಕದಲ್ಲೇ ಇದ್ದೆ. ನನಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಆದರೂ ಹೊಳೆಯಲಿಲ್ಲ. ಮತ್ತೆ ಎರಡು ತಿಂಗಳು ಹಾಗೆಯೇ ಹೋಯಿತು. ಕೊನೆಗೆ ಮಂಗಳೂರಿನಲ್ಲಿ ತೋರಿಸಿದೆವು. ಈಗ ಆರಾಮ ಇದ್ದಾಳೆ.

ನನ್ನ ಪ್ರಶ್ನೆ ಇಷ್ಟೇ. ಸರಕಾರದ್ದು ಒಂದು ಕಾರ್ಯಕ್ರಮ ಇರಲೇಬೇಕಲ್ವಾ? ಅದಕ್ಕೆ ಅಂತ ದುಡ್ಡು ಇರಬೇಕಲ್ವಾ? ಅದು ಮಂಜೇಶ್ವರ, ಕಾಸರಗೋಡಿನ ಕನ್ನಡದ ಮನೆಗಳಿಗೆ ಬರುವುದು ಎಲ್ಲಿ ನಿಂತಿದೆ?

ನೀರ್ಚಾಲಿನ ಹಳೆ ತಲೆ

ನಿಮ್ಮ ತಂಗಿ ಗುಣವಾದದ್ದು ಸಂತೋಷ. ಆದರೆ ಒಂದು ಮಾತು. ನನ್ನ ಅಜ್ಜಿಗೆ ಒಂಬತ್ತು ಹೆರಿಗೆ. ಯಾವ ಡಿಪ್ರೆಶನ್ನೂ ಇರಲಿಲ್ಲ. ನಲ್ವತ್ತು ದಿನ ಕೋಣೆಯಲ್ಲಿ ಮಲಗಿಸುತ್ತಿದ್ದರು, ಕೆಲಸ ಮುಟ್ಟಲು ಬಿಡುತ್ತಿರಲಿಲ್ಲ, ಸುತ್ತ ಹತ್ತು ಹೆಂಗಸರು. ಈಗ ಮನೆಯಲ್ಲಿ ಮೂರು ಜನ, ಮೂರು ಮೊಬೈಲು. ಎಲ್ಲದಕ್ಕೂ ಸರಕಾರ ಯಾಕೆ?

ಪೆರ್ಲದ ಅತ್ತಿಗೆ

ಮಾವ, ಅಜ್ಜಿಯ ಕಾಲದಲ್ಲಿ ಇರಲಿಲ್ಲ ಅಂದರೆ "ಬಾಣಂತಿ ಸನ್ನಿ" ಅನ್ನುವ ಶಬ್ದ ಎಲ್ಲಿಂದ ಬಂತು? ಕಾಯಿಲೆ ಇಲ್ಲದೆ ಹೆಸರು ಹುಟ್ಟುತ್ತದಾ?

ಮಂಗ್ಳೂರಲ್ಲಿ ನರ್ಸ್

ಒಳ್ಳೆಯ ಪ್ರಶ್ನೆ ಅತ್ತಿಗೆ. ಮೂರು ಬೇರೆ ಬೇರೆ ಸಂಗತಿಗಳನ್ನು ಎಲ್ಲರೂ ಒಂದೇ ಬುಟ್ಟಿಗೆ ಹಾಕುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಸುಮ್ನೆ ಅಳು ಬರುವುದು, ಸಿಟ್ಟು ಬರುವುದು ಅರ್ಧಕ್ಕಿಂತ ಜಾಸ್ತಿ ಬಾಣಂತಿಯರಿಗೆ ಇರುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇದಕ್ಕೆ ಅಮ್ಮನ ಎಣ್ಣೆ ನೀರು ಸಾಕು. ಎರಡು ವಾರ ದಾಟಿದರೂ ಹೋಗದೆ ನಿದ್ದೆ, ಊಟ, ಆಸೆ ಎಲ್ಲ ಬತ್ತಿಹೋದರೆ ಅದು ಖಿನ್ನತೆ. ಕುಂಬಳೆಯವರ ತಂಗಿಗೆ ಆದದ್ದು ಇದು. ಮೂರನೆಯದು ನಮ್ಮ ಹಿರಿಯರು ಸನ್ನಿ ಅಂದದ್ದು. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರು. ಅಸಂಬದ್ಧ ಮಾತು, ಯಾರೋ ಕರೆಯುತ್ತಾರೆ ಅನ್ನುವುದು, ಮಗು ನನ್ನದಲ್ಲ ಅನ್ನುವುದು. ಅದು ತುರ್ತು. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು.

ಎಷ್ಟು ಜನರಿಗೆ ಅಂತ ಕೇಳಿದರೆ, ಬಡ ದೇಶಗಳಲ್ಲಿ ಹೆತ್ತವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮನಸ್ಸಿನ ಕಾಯಿಲೆ, ಅದರಲ್ಲೂ ಖಿನ್ನತೆಯೇ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದ 38 ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಬಂದ ಲೆಕ್ಕ 22. ಐದು ತೊಟ್ಟಿಲು ಇದ್ದರೆ ಒಂದರ ಪಕ್ಕದಲ್ಲಿ ಇಂಥ ತಾಯಿ ಇದ್ದಾಳೆ ಅಂತ.

ಉಪ್ಪಳದವ ಶಾರ್ಜಾದಲ್ಲಿ

ನಾನು ಇದನ್ನು ಮೂರು ಸಲ ಓದಿದೆ. ನನ್ನ ಹೆಂಡತಿ ವಿಡಿಯೋ ಕಾಲಿನಲ್ಲಿ ಮಗುವನ್ನು ಮಾತ್ರ ತೋರಿಸುತ್ತಿದ್ದಳು, ಅವಳ ಮುಖ ಕಾಣಿಸುತ್ತಿರಲಿಲ್ಲ. ನಾಚಿಕೆ ಅಂದುಕೊಂಡೆ. ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸಿದೆ, ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಇನ್ನು ಜಾಸ್ತಿ ಬರೆಯಲಾರೆ.

ಮಂಗ್ಳೂರಲ್ಲಿ ನರ್ಸ್

ಇವತ್ತೇ ಫೋನ್ ಮಾಡಿ ಕೇಳಿ. ಮಗು ಹೇಗಿದೆ ಅಂತಲ್ಲ, ನೀನು ಹೇಗಿದ್ದೀಯಾ ಅಂತ. ಆಮೇಲೆ ಟೆಲಿಮಾನಸ್, ಅಂದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಸಹಾಯವಾಣಿ, ಅದರ ನಂಬರು 14416 ಅವಳಿಗೆ ಕಳಿಸಿ. 2022ರ ಅಕ್ಟೋಬರಿನಿಂದ ಇದೆ, ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಕೇಳಿ ಪಡೆಯಬೇಕು.

ವರ್ಕಾಡಿ ಆಶಾ

ನಾನು ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷ ಆಯಿತು. ಇಲ್ಲಿ ಎಲ್ಲರೂ "ಆಶಾ ಕೇಳಬೇಕು" ಅನ್ನುವ ಹೊತ್ತಿಗೆ ಬಂದಿದ್ದೀರಿ ಅಂತ ಗೊತ್ತಾಗುತ್ತಿದೆ, ಅದಕ್ಕೆ ನಾನೇ ಮುಂಚೆ ಹೇಳಿಬಿಡುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನಾವು ಮನೆಗೆ ಆರು ಸಲ ಹೋಗಬೇಕು. ಮೂರನೇ ದಿನ, 7, 14, 21, 28, ಕೊನೆಗೆ 42. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು, ಹಾಲು ಕುಡಿಯುತ್ತದಾ, ಎಲ್ಲ ಬರೆಯಬೇಕು. ಆರೂ ಭೇಟಿ ಮುಗಿದರೆ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಆಗಲಿಲ್ಲ. ಗುಡ್ಡೆ ಹತ್ತಿ ಇಳಿಯುವಾಗ ಆಟೋದವನಿಗೇ ಅದಕ್ಕಿಂತ ಜಾಸ್ತಿ ಕೊಡುತ್ತೇನೆ.

ಆ ಫಾರ್ಮಿನಲ್ಲಿ ತಾಯಿಯ ಬಗ್ಗೆಯೂ ಇದೆ. ರಕ್ತ ಹೋಗುತ್ತದಾ, ಜ್ವರ ಉಂಟಾ, ಎದೆ ಗಟ್ಟಿಯಾಗಿದೆಯಾ. ಅಸಂಬದ್ಧ ಮಾತಾಡುತ್ತಾಳಾ ಅಂತಲೂ ಇದೆ. ಅಂದರೆ ನರ್ಸಮ್ಮ ಹೇಳಿದ ಮೂರನೆಯದಕ್ಕೆ ಜಾಗ ಉಂಟು. ಎರಡನೆಯದಕ್ಕೆ ಇಲ್ಲ. ಬೊಬ್ಬೆ ಹೊಡೆದರೆ ಟಿಕ್ ಮಾಡಬಹುದು, ಸುಮ್ಮನೆ ಗೋಡೆ ನೋಡುತ್ತಾ ಕೂತವಳಿಗೆ ಕಾಲಮ್ಮೇ ಇಲ್ಲ.

"ಅಮ್ಮ ಮನಸ್ಸ್" ಅಂತ ಕೇರಳದ್ದೇ ಒಂದು ಕಾರ್ಯಕ್ರಮ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಬರುತ್ತದೆ. ಗರ್ಭಿಣಿಯರನ್ನೂ ಬಾಣಂತಿಯರನ್ನೂ ಕೇಳಿ ಗುರುತಿಸಬೇಕು ಅಂತ. ಕಾಗದದಲ್ಲಿ ಚೆನ್ನಾಗಿದೆ. ನನಗೆ ಸಿಕ್ಕ ತರಬೇತಿ ಮಲಯಾಳದಲ್ಲಿ, ಕಾಗದವೂ ಮಲಯಾಳದಲ್ಲಿ. ನಾನು ಹೋಗುವ ಮನೆಗಳಲ್ಲಿ ಒಂದರಲ್ಲಿ ತುಳು, ಒಂದರಲ್ಲಿ ಬ್ಯಾರಿ, ಒಂದರಲ್ಲಿ ಹವ್ಯಕ ಕನ್ನಡ, ಮತ್ತೊಂದರಲ್ಲಿ ಮರಾಟಿ. ಮನಸ್ಸಿನ ಮಾತನ್ನು ನಾನೇ ನಿಂತಲ್ಲೇ ತರ್ಜುಮೆ ಮಾಡಬೇಕು. ಅತ್ತೆ ಬಾಗಿಲಲ್ಲಿ ನಿಂತಿರುತ್ತಾರೆ, ಅದು ಬೇರೆ.

2025ರ ಫೆಬ್ರವರಿಯಲ್ಲಿ ನಮ್ಮವರು ತಿರುವನಂತಪುರದಲ್ಲಿ ಸೆಕ್ರೆಟರಿಯೇಟ್ ಎದುರು ಮುಷ್ಕರ ಕೂತದ್ದು ನೀವೆಲ್ಲ ಪೇಪರಿನಲ್ಲಿ ನೋಡಿರಬಹುದು. ಆಗ ಗೌರವಧನ ತಿಂಗಳಿಗೆ 7,000. ಕೇಳಿದ್ದು 21,000. ನಮ್ಮ ಹೆಗಲ ಮೇಲೆ ಹೊಸ ಕೆಲಸ ಇಡುವ ಮೊದಲು ಇದು ನೆನಪಿರಲಿ.

ಮುಳ್ಳೇರಿಯ ಟು ಬೆಂಗಳೂರು

ಆಶಾ ಅವರಿಗೆ ನಮಸ್ಕಾರ. "ಬೊಬ್ಬೆ ಹೊಡೆದರೆ ಟಿಕ್" ಅನ್ನುವ ಸಾಲನ್ನು ಯಾರಾದರೂ ಆರೋಗ್ಯ ಮಂತ್ರಿಗೆ ಓದಿ ಹೇಳಬೇಕು.

ದುಡ್ಡಿನ ಪ್ರಶ್ನೆಗೆ ನನಗೆ ಗೊತ್ತಿರುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಂದು ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷದವರೆಗೆ ಕೊಡಬಹುದು ಅಂತ ಲೆಕ್ಕ. ಅದು ಮೇಲಿನ ಮಿತಿ, ಕೈಗೆ ಬರುವುದಲ್ಲ. ಡಾಕ್ಟರು, ಆಪ್ತಸಮಾಲೋಚಕರು, ಔಷಧ, ಗಾಡಿ, ಎಲ್ಲ ಅದರಲ್ಲೇ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ ದಾಟಿತ್ತು. ಭಾಗಿಸಿ ನೋಡಿ. ತಲೆಗೆ ಆರು ರೂಪಾಯಿ ಚಿಲ್ಲರೆ. ವರ್ಷಕ್ಕೆ! ಬಸ್‌ಸ್ಟಾಂಡಿನಲ್ಲಿ ಒಂದು ಚಾ ಸಿಗುವುದಿಲ್ಲ. ಇದರಲ್ಲಿ ಬಾಣಂತಿಯರ ಪಾಲು ಎಷ್ಟು ಅಂತ ಬೇರೆ ಬರೆದಿರುವುದೇ ಇಲ್ಲ. ಬೇರೆ ಸಾಲು ಇಲ್ಲದ ದುಡ್ಡನ್ನು ಕೇಳುವುದು ಕಷ್ಟ. ನನಗೆ ನಿಜವಾದ ತೊಂದರೆ ಇಲ್ಲೇ ಕಾಣುತ್ತದೆ.

ಬ್ರಿಟನ್ನಿನಲ್ಲಿ ಇದನ್ನು ಹೇಗೆ ಮಾಡಿದರು ಅಂತ ಹೇಳುತ್ತೇನೆ. ಅಲ್ಲಿ ತಾಯಂದಿರ ಸಂಘಟನೆಗಳೂ ಡಾಕ್ಟರುಗಳೂ ಸೇರಿ ಒಂದು ಒಕ್ಕೂಟ ಕಟ್ಟಿದರು. ದೇಶದ ನಕ್ಷೆ ತೆಗೆದು ಸೇವೆ ಇರುವ ಜಿಲ್ಲೆಗೆ ಹಸಿರು, ಏನೂ ಇಲ್ಲದ್ದಕ್ಕೆ ಕೆಂಪು ಬಳಿದರು. ಕೆಂಪೇ ಜಾಸ್ತಿ. 2014ರಲ್ಲಿ ಅರ್ಥಶಾಸ್ತ್ರದವರು ಒಂದು ಲೆಕ್ಕ ಕೊಟ್ಟರು. ಒಂದು ವರ್ಷದಲ್ಲಿ ಹೆತ್ತವರಿಗೆ ಚಿಕಿತ್ಸೆ ಸಿಗದೆ ಹೋದರೆ ಮುಂದೆ ಸಮಾಜಕ್ಕೆ ಬೀಳುವ ಖರ್ಚು 810 ಕೋಟಿ ಪೌಂಡ್. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮಗುವಿಗೆ ಆಗುವ ತೊಂದರೆಯದ್ದು. 2016ರಲ್ಲಿ ಅಲ್ಲಿನ ಸರಕಾರ 36.5 ಕೋಟಿ ಪೌಂಡ್ ಇಡುತ್ತೇವೆ ಅಂದಿತು. ಅಯ್ಯೋ ಪಾಪ ಅಂತ ಕೊಟ್ಟದ್ದಲ್ಲ. ನಕ್ಷೆಯ ಕೆಂಪು ಬಣ್ಣ ನೋಡಿ ಎಂಪಿಗಳಿಗೆ ಮುಜುಗರ ಆಯಿತು.

ನೀರ್ಚಾಲಿನ ಹಳೆ ತಲೆ

ಬ್ರಿಟನ್ನಿನ ದುಡ್ಡು ಬ್ರಿಟನ್ನಿಗೆ. ಇಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಎಷ್ಟು ವರ್ಷ ಎಳೆದರು ನೋಡಿದ್ದೇವೆ. 2020ರಲ್ಲಿ ಕೊರೋನಾ ಅಂತ ಕರ್ನಾಟಕದವರು ಮಣ್ಣು ಹಾಕಿ ಗಡಿ ರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿಗೆ ಹೋಗಲಾರದೆ ಗರ್ಭಿಣಿಯರೂ ಈಚೆಯೇ ಉಳಿದರು. ಕೇಸು ಹೈಕೋರ್ಟಿಗೆ ಹೋಗಬೇಕಾಯಿತು. ದೇಹಕ್ಕೇ ಇಲ್ಲದ ಆಸ್ಪತ್ರೆ ಮನಸ್ಸಿಗೆ ಎಲ್ಲಿಂದ ಬರಬೇಕು?

ಮುಳ್ಳೇರಿಯ ಟು ಬೆಂಗಳೂರು

ಸರಿಯಾದ ಮಾತು. ಆದರೆ ಇದಕ್ಕೆ ಕಟ್ಟಡ ಬೇಡ ಅನ್ನುವುದೇ ನನ್ನ ವಾದ. ಪಾಕಿಸ್ತಾನದ ರಾವಲ್ಪಿಂಡಿ ಹತ್ತಿರದ ಹಳ್ಳಿಗಳಲ್ಲಿ ನಮ್ಮ ಆಶಾ ತರದ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟರು. ಮನೆಗೆ ಹೋಗಿ ಮಾತಾಡುವುದು, ಮಗುವಿನ ಕೆಲಸದ ಜೊತೆಗೇ ತಾಯಿಯ ಯೋಚನೆಯನ್ನು ಮೆಲ್ಲಗೆ ಬೇರೆ ದಾರಿಗೆ ತರುವುದು. 2008ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ನೋಡಿದಾಗ ಈ ಭೇಟಿ ಸಿಕ್ಕವರಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆ ಉಳಿದಿತ್ತು, ಬರೇ ಸಾಮಾನ್ಯ ಭೇಟಿ ಸಿಕ್ಕವರಲ್ಲಿ 53. ಗೋವಾದಲ್ಲಿ ಊರಿನ ತಾಯಂದಿರನ್ನೇ ಇಟ್ಟುಕೊಂಡು ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು.

ಎಣ್ಮಕಜೆಯ ಒಬ್ಬಳು

ಬಾಣಂತಿ ಅಂದರೆ ಎಷ್ಟು ದಿನದವರೆಗೆ? ನನ್ನ ಮಗನಿಗೆ ಇಪ್ಪತ್ತನಾಲ್ಕು. ಇವತ್ತಿಗೂ ಸ್ನಾನ ನಾನೇ ಮಾಡಿಸಬೇಕು, ತುತ್ತು ನಾನೇ ಕೊಡಬೇಕು. ನನ್ನ ಬಾಣಂತನ ಮುಗಿಯಲೇ ಇಲ್ಲ.

ಗೇರುತೋಟದ ಮೇಲೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಲು ಹೆಲಿಕಾಪ್ಟರ್ ಬರುವಾಗ ನಾವು ಮಕ್ಕಳು ನೋಡಲು ಓಡುತ್ತಿದ್ದೆವು. ಸಿಂಪಡಿಸುವುದು ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂದದ್ದು 2017ರಲ್ಲಿ. ಆ ದುಡ್ಡಿಗೂ ಮತ್ತೆ ಸಮರ. ಪಟ್ಟಿ ಮಾಡುವಾಗ ಮಗನ ಕೈ ನೋಡಿದರು, ಕಾಲು ನೋಡಿದರು, ತಲೆ ಅಳೆದರು. ಪಕ್ಕದಲ್ಲಿ ಕೂತ ನನ್ನನ್ನು "ರಾತ್ರಿ ನಿದ್ದೆ ಬರುತ್ತದಾ" ಅಂತ ಒಬ್ಬರೂ ಕೇಳಲಿಲ್ಲ. ನಾನು ಸತ್ತರೆ ಇವನ ಗತಿ ಏನು ಅನ್ನುವುದೇ ನನ್ನ ಕಾಯಿಲೆ. ಅದಕ್ಕೆ ಯಾವ ಪಟ್ಟಿಯಲ್ಲಿ ಹೆಸರು ಹಾಕುತ್ತೀರಿ?

ಪೆರ್ಲದ ಅತ್ತಿಗೆ

ಅಕ್ಕ, ನಮ್ಮ ಹತ್ತಿರವೇ ಇದ್ದೀರಿ. ಖಾಸಗಿಯಾಗಿ ಮೆಸೇಜ್ ಹಾಕಿದ್ದೇನೆ. ಆದಿತ್ಯವಾರ ಬರಲಾ?

ಎಣ್ಮಕಜೆಯ ಒಬ್ಬಳು

ಬನ್ನಿ. ಮಧ್ಯಾಹ್ನ ಮೇಲೆ ಬನ್ನಿ, ಅವನು ಮಲಗಿರುತ್ತಾನೆ.

ಬದಿಯಡ್ಕದ ಮಾಸ್ತರು

ಎರಡು ದಿನದಿಂದ ಓದುತ್ತಿದ್ದೇನೆ. ಪಂಚಾಯತಿನ ವರ್ಕಿಂಗ್ ಗ್ರೂಪಿನಲ್ಲಿ, ಅಂದರೆ ಯೋಜನೆಗಳ ಕರಡು ಮಾಡುವ ಸಮಿತಿಯಲ್ಲಿ, ಕೆಲವು ವರ್ಷ ಕೂತವನು ನಾನು. ದಿಲ್ಲಿ, ತಿರುವನಂತಪುರದ ದುಡ್ಡಿನ ವಿಷಯ ಬಿಡಿ. ನಮ್ಮ ಬಾಗಿಲಲ್ಲೇ ದುಡ್ಡು ಇದೆ.

ಕೇರಳದಲ್ಲಿ 1996ರಿಂದ ಜನಕೀಯ ಯೋಜನೆ ಇದೆ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಕೂತು ಮಾಡುವುದು. ಪಂಚಾಯತಿನ ಯೋಜನಾ ನಿಧಿಯಲ್ಲಿ ನೂರಕ್ಕೆ ಹತ್ತು ಪಾಲು ಮಹಿಳಾ ಘಟಕಕ್ಕೆ ಇಡಲೇಬೇಕು. ಆ ಹತ್ತು ಪಾಲಿನಲ್ಲಿ ನಾನು ಕಂಡದ್ದು ಹೊಲಿಗೆ ಯಂತ್ರ, ಕೋಳಿಮರಿ, ಆಡು. ಕೋಳಿಮರಿ ಬೇಡ ಅನ್ನುವುದಿಲ್ಲ. ಆದರೆ ಬೇರೆ ಏನನ್ನೂ ಯಾರೂ ಕೇಳಲಿಲ್ಲ, ಅದಕ್ಕೆ ಕೋಳಿಮರಿಯೇ ಬಂತು.

ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಪ್ಯಾಲಿಯೇಟಿವ್ ಕೆಲಸ ನೋಡಿ. ಹಾಸಿಗೆ ಹಿಡಿದವರ ಮನೆಗೆ ನರ್ಸು ಹೋಗುವುದು ಮೊದಲು ಕೆಲವು ಊರಿನವರ ಸೇವೆ ಆಗಿತ್ತು. 2008ರಲ್ಲಿ ಸರಕಾರ ನೀತಿ ಮಾಡಿತು. ಈಗ ಪಂಚಾಯತು ನರ್ಸನ್ನು ಇಟ್ಟುಕೊಂಡು ನಡೆಸುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಅದರ ನಿರ್ವಹಣಾಧಿಕಾರಿ. ಅದೇ ಗಾಡಿ, ಅದೇ ದಾರಿ. ಬಾಣಂತಿಯ ಮನೆಗೂ ಹೋಗಬಾರದಾ? ಎಣ್ಮಕಜೆಯ ಅಮ್ಮ ಹೇಳಿದಂಥ ತಾಯಂದಿರ ಮನೆಗೆ ಆ ಗಾಡಿ ಹೇಗೂ ಹೋಗುತ್ತದೆ. ಮಗನನ್ನು ನೋಡಲು ಹೋದವರು ತಾಯಿಯನ್ನೂ ಕೇಳಲಿ.

ಖರ್ಚು? ಒಂದು ಪಂಚಾಯತಿನಲ್ಲಿ ವರ್ಷಕ್ಕೆ 300 ಹೆರಿಗೆ ಅಂತ ಇಟ್ಟುಕೊಳ್ಳಿ. ಗರ್ಭಿಣಿ ಇರುವಾಗ ಒಂದು ಸಲ, 42ನೇ ದಿನ ಒಂದು ಸಲ, ಸಲಕ್ಕೆ 100 ರೂಪಾಯಿ ಕೊಟ್ಟರೂ 60,000. ಎರಡು ದಿನದ ತರಬೇತಿ, ಅಚ್ಚು ಹಾಕಿಸುವುದು, ತುರ್ತಿಗೆ ಗಾಡಿ ಬಾಡಿಗೆ ಸೇರಿಸಿ ಎರಡು ಲಕ್ಷ ಇಟ್ಟರೆ ಕೈಬೀಸಿ ಮಾಡಬಹುದು. ಒಂದು ಕಾಲುಸಂಕದ ದುಡ್ಡೂ ಅಲ್ಲ. ಆಶಾ ಕೈಗೆ ಪಂಚಾಯತು ನೇರ ಕೊಟ್ಟರೆ ಆಡಿಟಿನವರು ಕೆಂಪು ಶಾಯಿ ಹಾಕಬಹುದು, ಅದಕ್ಕೆ ಆರೋಗ್ಯ ಕೇಂದ್ರದ ಮೂಲಕವೇ ಬರೆಯಬೇಕು.

ಇನ್ನು ಭಾಷೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡದವರು ಕನ್ನಡದಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಯಾರೂ ಉಪಯೋಗಿಸುವುದಿಲ್ಲ. "ಬೇಗ ಆಗಲಿ" ಅಂತ ನಾವೇ ಮಲಯಾಳದಲ್ಲಿ ಬರೆಸುತ್ತೇವೆ. ಈ ಸಲ ಗ್ರಾಮಸಭೆಗೆ ಕೊಡಲು ಕನ್ನಡದಲ್ಲೇ ಒಂದು ಮನವಿ ಬರೆಯುತ್ತೇನೆ.

ಮಂಗ್ಳೂರಲ್ಲಿ ನರ್ಸ್

ಕೇಳುವ ಪ್ರಶ್ನೆಗಳ ಬಗ್ಗೆ. ಬಾಣಂತಿಯರ ಖಿನ್ನತೆ ಗುರುತಿಸಲು ಎಡಿನ್‌ಬರೋದವರು 1987ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತದೆ. ಒಟ್ಟು ಅಂಕ 30. ಅದರ ಕನ್ನಡ ರೂಪ ಕರ್ನಾಟಕದ ಹಳ್ಳಿಗಳಲ್ಲಿ ಉಪಯೋಗವಾಗಿದೆ. ಆದ್ದರಿಂದ ದಯವಿಟ್ಟು ಯಾರೂ ವಾಟ್ಸಾಪಿನಲ್ಲಿ ಕೂತು ಹೊಸ ತರ್ಜುಮೆ ಮಾಡಬೇಡಿ. ಇರುವುದನ್ನು ತಂದು ಇಲ್ಲಿನ ಹತ್ತು ಹೆಂಗಸರಿಗೆ ಓದಿ ಹೇಳಿ, ಏನು ಅರ್ಥವಾಯಿತು ಅಂತ ಕೇಳಿ. "ಸಂಕಟ" ಬಂದ ಕಡೆ ಎಚ್ಚರ.

ವರ್ಕಾಡಿ ಆಶಾ

ಹತ್ತನೇ ಪ್ರಶ್ನೆ ನನಗೆ ಗೊತ್ತು. ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅಂತ. ಅವಳು ಹೌದು ಅಂದರೆ ನಾನು ಏನು ಮಾಡಬೇಕು? ಪೆನ್ನು ಮುಚ್ಚಿ ಮುಂದಿನ ಮನೆಗೆ ಹೋಗಲಾ? ಕೇಳುವುದು ಸುಲಭ ಮಾರಾಯ್ರೆ. ಕೇಳಿದ ಮೇಲೆ ಕೈಬಿಡುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು.

ಮಂಗ್ಳೂರಲ್ಲಿ ನರ್ಸ್

ಇದು ಇಡೀ ಚರ್ಚೆಯ ಗಂಟು. ಒಪ್ಪುತ್ತೇನೆ. ಆ ಹೊತ್ತಿಗೆ ಅವಳನ್ನು ಒಬ್ಬಳೇ ಬಿಡಬಾರದು, ಮನೆಯಲ್ಲಿ ಅವಳು ನಂಬುವ ಒಬ್ಬರನ್ನು ಕೂರಿಸಿ, ಅಲ್ಲಿಂದಲೇ 14416ಕ್ಕೆ, ಮತ್ತೆ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್. ಅದಕ್ಕೆ ಡಾಕ್ಟರ ಕಡೆಯಿಂದ ಒಂದು ನಂಬರು, ಒಂದು ದಿನ, ಒಂದು ಹೆಸರು ಮೊದಲೇ ಗೊತ್ತಿರಬೇಕು. ಮಾಸ್ತರೇ, ಮನವಿಯಲ್ಲಿ ಇದನ್ನು ದುಡ್ಡಿಗಿಂತ ಮೇಲೆ ಬರೆಯಿರಿ.

ಇನ್ನೊಂದು. ಹಾಲು ಕೊಡುವವರು ಮಾತ್ರೆ ತಿನ್ನಬಾರದು ಅಂತ ಮನೆಯವರು ನಿಲ್ಲಿಸಿಬಿಡುತ್ತಾರೆ. ಹಾಲುಣಿಸುವಾಗಲೂ ಕೊಡಬಹುದಾದ ಮಾತ್ರೆಗಳು ಇವೆ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆಯೂ ಉಂಟು. 2017ರ ಮಾನಸಿಕ ಆರೋಗ್ಯ ಕಾನೂನಿನ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವ ಹಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುವ ವಾರ್ಡು 2009ರಿಂದ ಇದೆ. ನಮಗೆ ಅದು ಒಂದು ರಾತ್ರಿ ಬಸ್ಸಿನ ದೂರ.

ಸೀತಾಂಗೋಳಿ ಸ್ಪೀಡ್

ಯಾವುದಾದರೂ ಕಂಪೆನಿ ಹತ್ತಿರ ಸಮಾಜಸೇವೆಗೆ ಅಂತ ಇಡುವ ಸಿಎಸ್‌ಆರ್ ದುಡ್ಡು ತಂದು ದೊಡ್ಡ ಕ್ಯಾಂಪ್ ಮಾಡಿದರೆ ಒಂದೇ ದಿನದಲ್ಲಿ ಆಗುತ್ತದಲ್ಲ?

ಬದಿಯಡ್ಕದ ಮಾಸ್ತರು

ಬ್ಯಾನರ್, ಪಲಾವ್, ಫೋಟೋ ಒಂದೇ ದಿನದಲ್ಲಿ ಆಗುತ್ತದೆ. ಬಾಣಂತಿಯರು ವರ್ಷವಿಡೀ ಆಗುತ್ತಾರೆ.

ನೀರ್ಚಾಲಿನ ಹಳೆ ತಲೆ

ಅತ್ತಿಗೆಯ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಅಜ್ಜಿಗೆ ಒಬ್ಬಳು ತಂಗಿ ಇದ್ದಳು. ನಾನು ನೋಡಿದವನಲ್ಲ. ಚೊಚ್ಚಲ ಹೆರಿಗೆಯಾಗಿ ತಿಂಗಳಾಗಿತ್ತಂತೆ. ಬಾವಿಕಟ್ಟೆಯಲ್ಲಿ ಕಾಲು ಜಾರಿತು ಅಂತ ಮನೆಯಲ್ಲಿ ಹೇಳುತ್ತಿದ್ದರು. ಬೆಳಗಿನ ಜಾವ ಮೂರು ಗಂಟೆಗೆ ಬಾಣಂತಿ ಬಾವಿಕಟ್ಟೆಗೆ ಯಾಕೆ ಹೋದಳು ಅಂತ ನಾವು ಯಾರೂ ಕೇಳಲಿಲ್ಲ. ಕೇಳಬಾರದು ಅಂತ ಗೊತ್ತಿತ್ತು ಅಂತ ಕಾಣುತ್ತದೆ.

ನಲ್ವತ್ತು ದಿನದ ಆರೈಕೆ ಒಳ್ಳೆಯದೇ ಅಂತ ಈಗಲೂ ಹೇಳುತ್ತೇನೆ. ಅದು ಸಾಕಾಗುವುದಿಲ್ಲ ಅನ್ನುವುದನ್ನು ಒಪ್ಪಿದೆ. ಮಾಸ್ತರೇ, ಮನವಿಗೆ ನನ್ನ ಸಹಿಯೂ ಇರಲಿ.

ಬದಿಯಡ್ಕದ ಮಾಸ್ತರು

ಕರಡು ಇಲ್ಲಿದೆ. ತಿದ್ದಿ.

"ನಮ್ಮ ಪಂಚಾಯತಿನ ಮುಂದಿನ ವಾರ್ಷಿಕ ಯೋಜನೆಯಲ್ಲಿ ತಾಯಂದಿರ ಮಾನಸಿಕ ಆರೋಗ್ಯಕ್ಕೆ ಅಂತಲೇ ಒಂದು ಪ್ರತ್ಯೇಕ ಸಾಲು ಇರಬೇಕು. ಕಷ್ಟದಲ್ಲಿರುವ ತಾಯಿಯನ್ನು ಯಾರ ಹತ್ತಿರ, ಯಾವ ದಿನ ಕಳಿಸಬೇಕು ಅನ್ನುವುದನ್ನು ಆರೋಗ್ಯ ಕೇಂದ್ರ ಬರೆದು ಕೊಡಬೇಕು. ಅದಾದ ಮೇಲೆಯೇ ಮನೆ ಭೇಟಿಯಲ್ಲಿ ಪ್ರಶ್ನೆ ಕೇಳುವುದು ಶುರುವಾಗಲಿ. ಪ್ರಶ್ನೆ, ತರಬೇತಿ, ಕಾಗದ ಎಲ್ಲ ಕನ್ನಡದಲ್ಲಿಯೂ ಇರಲಿ. ತುಳು, ಬ್ಯಾರಿ, ಮರಾಟಿ ಮನೆಗಳಲ್ಲಿ ಆ ಮಾತು ಬಲ್ಲವರೇ ಕೇಳಲಿ. ಕೇಳುವವರ ಶ್ರಮಕ್ಕೆ ಬೇರೆ ಸಂಭಾವನೆ ಇರಲಿ. ಎಂಡೋಸಲ್ಫಾನ್ ಸಂತ್ರಸ್ತರನ್ನೂ ಬೇರೆ ಅಂಗವಿಕಲ ಮಕ್ಕಳನ್ನೂ ನೋಡಿಕೊಳ್ಳುವ ತಾಯಂದಿರು, ಮಕ್ಕಳ ವಯಸ್ಸು ಎಷ್ಟೇ ಆಗಿರಲಿ, ಇದರಲ್ಲಿ ಸೇರಬೇಕು."

ಚುನಾವಣೆ ಮುಗಿದು ಹೊಸ ಸದಸ್ಯರು ಬಂದಿದ್ದಾರೆ, ಈಗಲೇ ಹಿಡಿಯಬೇಕು. ಗ್ರಾಮಸಭೆಗೆ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಬರಬೇಕು. ಇಲ್ಲದಿದ್ದರೆ ಕೋರಂ ಇಲ್ಲ ಅಂತ ಮುಂದೆ ಹಾಕುತ್ತಾರೆ.

ವರ್ಕಾಡಿ ಆಶಾ

"ಅತ್ತೆ ಇಲ್ಲದ ಜಾಗದಲ್ಲಿ ಕೇಳಬೇಕು" ಅಂತಲೂ ಸೇರಿಸಿ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಬದಿಯಡ್ಕದ ಮಾಸ್ತರು

"ಖಾಸಗಿಯಾಗಿ" ಅಂತ ಹಾಕಿದೆ. ಅತ್ತೆ ಅಂತ ಬರೆದರೆ ಗ್ರಾಮಸಭೆಯಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ.

ಉಪ್ಪಳದವ ಶಾರ್ಜಾದಲ್ಲಿ

ಫೋನ್ ಮಾಡಿದೆ. ಒಂದು ಗಂಟೆ ಅತ್ತಳು. ನಾಳೆ ಅವಳ ಅಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಮ್ಮ ವಾರ್ಡಿನ ಗ್ರಾಮಸಭೆಗೆ ನನ್ನ ಅಣ್ಣ ಹೋಗುತ್ತಾನೆ, ಕರಡು ಅವನಿಗೆ ಕಳಿಸಿದ್ದೇನೆ.

ಕುಂಬಳೆ ಹೊಳೆಬದಿ

ಹನ್ನೆರಡು ದಿನದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ವಾರ್ಡಿನ ಗ್ರಾಮಸಭೆ ಆಯಿತು. ಕೋರಂ ಕಷ್ಟದಲ್ಲಿ ತುಂಬಿತು. ಕುಟುಂಬಶ್ರೀ ಮಹಿಳಾ ಸಂಘದವರು ಇಪ್ಪತ್ತು ಮಂದಿ ಒಟ್ಟಿಗೆ ಬಂದದ್ದರಿಂದ ಆಯಿತು. ತಂಗಿಯೂ ಬಂದಿದ್ದಳು, ಮಗುವನ್ನು ಸೊಂಟದಲ್ಲಿಟ್ಟುಕೊಂಡು. ಮನವಿಯನ್ನು ಅವಳೇ ಓದಿದಳು. ಕೊನೆಯ ಎರಡು ಸಾಲು ನಾನು ಓದಿದೆ.

ನಿರ್ಣಯದ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಮಂಜೂರಾಗುತ್ತದಾ ಅಂತ ವರ್ಕಿಂಗ್ ಗ್ರೂಪಿನಲ್ಲಿ ನೋಡಬೇಕು. ಕನ್ನಡದ ಮನವಿಗೆ ರಶೀದಿ ಮಲಯಾಳದಲ್ಲಿ ಕೊಟ್ಟರು. ಮಾಸ್ತರು ಹೇಳಿದ ಕಾನೂನು ನೆನಪಾಗಿ, ಕನ್ನಡದಲ್ಲಿ ಕೊಡಿ ಅಂತ ನಿಂತೆ. ಗುಮಾಸ್ತರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಅದೇ ಕಾಗದದ ಹಿಂದೆ ಪೆನ್ನಿನಲ್ಲಿ "ಸಿಕ್ಕಿದೆ" ಅಂತ ಕನ್ನಡದಲ್ಲಿ ಬರೆದು ಸೀಲು ಒತ್ತಿ ಕೊಟ್ಟರು.

ಬೇರೆ ವಾರ್ಡಿನವರು ತಮ್ಮ ಗ್ರಾಮಸಭೆ ಯಾವಾಗ ಅಂತ ಕೆಳಗೆ ಹಾಕಿ.

ಪೆರ್ಲದ ಅತ್ತಿಗೆ

ನಮ್ಮದು ಬರುವ ಶನಿವಾರ, ಶಾಲೆಯಲ್ಲಿ, ಹತ್ತು ಗಂಟೆಗೆ. ಎಣ್ಮಕಜೆಯ ಅಕ್ಕ ಬರುತ್ತಾರೆ. ಆ ಹೊತ್ತಿಗೆ ಅವರ ಮಗನ ಜೊತೆ ನನ್ನ ಗಂಡ ಕೂತಿರುತ್ತಾರೆ.